ಒಂದು ಲಕ್ಷ ಲ್ಯೂಮೆನ್ ಟಾರ್ಚ್ ಕೈಕೊಟ್ಟ ರಾತ್ರಿ

ಪರದೆ ಕಪ್ಪಾಗಿದೆ ಅಂತ ಮೊಬೈಲ್ ತಟ್ಟಬೇಡಿ. ವಿಡಿಯೋ ಓಡುತ್ತಿದೆ. ಇದು ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟ. ಅಕ್ಟೋಬರ್ ತಿಂಗಳು, ರಾತ್ರಿ ಒಂಬತ್ತು ಗಂಟೆ. ಈ ಕತ್ತಲೆಯೊಳಗೆ ಒಂದು ಟೆಂಟ್ ಇದೆ, ನಾನಿದ್ದೇನೆ, ನನ್ನ ತಮ್ಮ ಇದ್ದಾನೆ. ಟೆಂಟಿನ ಒಂದು ಗೂಟ ಕಿತ್ತು ಬಂದಿದೆ. "ಅಕ್ಕಾ, ಬ್ಯಾಟ್ರಿ ಈ ಕಡೆ ಬಿಡೇ!" ಅಂತ ಕೂಗು ಕೇಳಿಸಿತಲ್ಲ, ಅದು ಅವನೇ. ಬಿಡೋಣ ಅಂದರೆ ಬ್ಯಾಟ್ರಿಯಲ್ಲಿ ಏನೂ ಉಳಿದಿರಲಿಲ್ಲ.

ಆ ಟಾರ್ಚನ್ನು ಆನ್‌ಲೈನ್‌ನಲ್ಲಿ 499 ರೂಪಾಯಿ ಕೊಟ್ಟು ತರಿಸಿದ್ದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1,00,000 ಲ್ಯೂಮೆನ್ ಅಂತ ಬರೆದಿತ್ತು. ಮನೆಯ ತಾರಸಿ ಮೇಲೆ ನಿಂತು ಎದುರು ಬೀದಿಯ ನೀರಿನ ಟ್ಯಾಂಕಿಗೆ ಬಿಟ್ಟಾಗ ಸಖತ್ತಾಗಿಯೇ ಇತ್ತು. ತಮ್ಮ ಚಪ್ಪಾಳೆ ಬೇರೆ ಹೊಡೆದಿದ್ದ. ತೋಟದಲ್ಲಿ ನಲವತ್ತು ನಿಮಿಷಕ್ಕೆ ಮಂಕಾಯಿತು. ಆಮೇಲೆ ಎರಡು ಸಲ ಮಿಟುಕಿಸಿ ಆರಿಹೋಯಿತು.

ನಮ್ಮ ಗಲಾಟೆ ಕೇಳಿ ತೋಟ ನೋಡಿಕೊಳ್ಳುವವರು ಮೇಲಿನಿಂದ ಇಳಿದು ಬಂದರು. ಕೈಯಲ್ಲಿ ಮೂರು ಸೆಲ್ಲಿನ ಹಳೇ ಸ್ಟೀಲ್ ಟಾರ್ಚ್. ಬಲ್ಬ್ ಮಾತ್ರ ಬದಲಾಯಿಸಿ ಎಲ್‌ಇಡಿ ಹಾಕಿಸಿದ್ದರಂತೆ. ಗೂಟ ಹೊಡೆದುಕೊಟ್ಟು, ಅದನ್ನು ನಮ್ಮ ಕೈಗೇ ಕೊಟ್ಟು, "ಕಾಲ ಬುಡಕ್ಕೆ ಬಿಡ್ರಿ ಅಕ್ಕಾ. ಹಾವು ಇರೋದು ಕಾಲ ಹತ್ರ, ಆಕಾಶದಲ್ಲಲ್ಲ" ಅಂದರು. ಟಾರ್ಚ್ ಬಗ್ಗೆ ನಾನು ಆಮೇಲೆ ನೋಡಿದ ಹತ್ತಾರು ವಿಡಿಯೋಗಳಲ್ಲಿ ಇಷ್ಟು ಉಪಯೋಗದ ಮಾತು ಒಂದೂ ಸಿಗಲಿಲ್ಲ.

ಈಗ ನೋಡುತ್ತಿರುವುದು ನಮ್ಮ ಅಡುಗೆಮನೆ. ಊರಿಂದ ಬಂದ ಮಾರನೇ ದಿನ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಜಾರಾಗಬೇಡಿ.

ಲ್ಯೂಮೆನ್ ಅಂದರೆ ದೀಪದಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತದೆ ಅನ್ನುವ ಅಳತೆ. ತಲೆ ಮೇಲೆ ಉರಿಯುತ್ತಿರುವ ಈ 9 ವಾಟ್ ಎಲ್‌ಇಡಿ ಬಲ್ಬ್ ಇದೆಯಲ್ಲ, ಇದು ಹೆಚ್ಚುಕಡಿಮೆ 900 ಲ್ಯೂಮೆನ್ ಕೊಡುತ್ತದೆ. ಅಂದರೆ ವಾಟಿಗೆ ಸುಮಾರು 100 ಲ್ಯೂಮೆನ್. ಒಳ್ಳೆ ಎಲ್‌ಇಡಿ ಇನ್ನೂ ಸ್ವಲ್ಪ ಜಾಸ್ತಿ ಕೊಡಬಹುದು, ಬಿಡಿ. ಒಂದು ಲಕ್ಷ ಲ್ಯೂಮೆನ್ ಬೇಕು ಅಂದರೆ ಸಾವಿರ ವಾಟ್ ಬೇಕು. ಅಮ್ಮನ ಇಸ್ತ್ರಿ ಪೆಟ್ಟಿಗೆ ಸಾವಿರ ವಾಟಿನದು. ಅಂಗೈಯಗಲದ ಟಾರ್ಚ್ ಒಳಗೆ ಒಂದು ಇಸ್ತ್ರಿ ಪೆಟ್ಟಿಗೆ ಓಡುತ್ತಿದ್ದರೆ ಅದನ್ನು ಹಿಡಿದುಕೊಳ್ಳೋಕೆ ಕೈ ಉಳಿದಿರುತ್ತಿತ್ತಾ?

ಇನ್ನು ಸೆಲ್. ಹಿಂದಿನ ಮುಚ್ಚಳ ತಿರುಗಿಸಿ ಹೊರಗೆ ತೆಗೆದೆ. 18650 ಅನ್ನುವ ಜಾತಿಯದು. ಆ ನಂಬರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಸೆಲ್ ಮೇಲೆ 9900 ಎಂಎಎಚ್ ಅಂತ ಅಚ್ಚಾಗಿತ್ತು. ಎಂಎಎಚ್ ಅಂದರೆ ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಈ ಗಾತ್ರದ ಸೆಲ್ಲಿನಲ್ಲಿ ಹೆಸರುವಾಸಿ ಕಂಪನಿಗಳೇ ತುಂಬಿಸುವುದು 3500ರ ಆಸುಪಾಸು. 9900 ಅಂತ ಕಂಡರೆ ಅದು ಸುಳ್ಳು ಅಂತಲೇ ತಿಳಿಯಿರಿ. ಅಮ್ಮ ಕೇಕಿಗೆ ಮೈದಾ ತೂಗುವ ಪುಟ್ಟ ತಕ್ಕಡಿ ಮೇಲೆ ಇಟ್ಟೆ. ಸರಿಯಾದ 18650 ಸೆಲ್ 45 ಗ್ರಾಂ ಸುತ್ತಮುತ್ತ ತೂಗಬೇಕು. ಇದು ತೂಗಿದ್ದು 29 ಗ್ರಾಂ. ಅಮ್ಮ ಪಕ್ಕದಲ್ಲೇ ನಿಂತು ನೋಡಿ, "ತೂಕದಲ್ಲೂ ಮೋಸಾನಾ?" ಅಂದು ತಕ್ಕಡಿ ಒರೆಸಿ ಒಳಗಿಟ್ಟುಬಿಟ್ಟರು.

ಮುಂದಿನ ಶನಿವಾರ ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ: ಸಾದರ ಪತ್ರಪ್ಪ ರಸ್ತೆ, ಟೌನ್ ಹಾಲ್ ಪಕ್ಕ. ವೈರು, ಚಿಪ್ಪು, ಸ್ಪೀಕರು, ಹಳೇ ಲ್ಯಾಪ್‌ಟಾಪಿನ ಕರುಳು, ಎಲ್ಲವೂ ಸಿಗುವ ಜಾಗ. ಕ್ಯಾಮೆರಾ ಅಲ್ಲಾಡಿದ್ದಕ್ಕೆ ಕ್ಷಮಿಸಿ. ಅಲ್ಲಿ ನೆಟ್ಟಗೆ ನಿಲ್ಲೋಕೆ ಜಾಗ ಇದ್ದರೆ ತಾನೆ.

ಮೂರನೇ ಅಂಗಡಿಯವರು ಕೇಳಿದರು, "ಏನಮ್ಮ, ಎಷ್ಟು ದೂರ ಹೊಡೀಬೇಕು?" ಅಂತ. ಎಲ್ಲರೂ ಕೇಳುವುದು ಇದನ್ನೇ. ನಾನು, "ದೂರ ಬೇಡ ಅಣ್ಣ, ಹತ್ರ ಬೇಕು. ಬೆಳಗಿನ ತನಕ ಬೇಕು" ಅಂದೆ. ಅವರು ಕನ್ನಡಕ ಮೇಲೆ ಮಾಡಿ ಒಂದು ಸಲ ನೋಡಿದರು. ಒಳಗಿಂದ ಬೇರೆ ಡಬ್ಬಿ ತಂದರು.

ಯಾಕೆ ಹತ್ತಿರ ಅಂದೆ ಹೇಳುತ್ತೇನೆ. ಕ್ಯಾಂಪಿನಲ್ಲಿ ರಾತ್ರಿ ನಾವು ಮಾಡುವ ಕೆಲಸ ಏನೇನು? ಬ್ಯಾಗಿನಲ್ಲಿ ಟೂತ್ ಬ್ರಷ್ ಹುಡುಕುವುದು, ಚಿತ್ರಾನ್ನದಲ್ಲಿ ಮೆಣಸಿನಕಾಯಿ ಆರಿಸುವುದು, ಕಾಲಿಗೆ ಹತ್ತಿದ ಇಂಬಳ ಕೀಳುವುದು, ಮಲಗುವ ಮುಂಚೆ ಪೊದೆ ಕಡೆ ಒಂದು ಸಲ ಹೋಗಿಬರುವುದು. ಇದಕ್ಕೆಲ್ಲ 5ರಿಂದ 50 ಲ್ಯೂಮೆನ್ ಸಾಕೋ ಸಾಕು. ಕಾಲುದಾರಿಯಲ್ಲಿ ನಡೆಯೋಕೆ 100. ಏನೋ ಸದ್ದಾಯಿತು, ಆ ಕಡೆ ಏನಿದೆ ನೋಡಬೇಕು ಅಂದರೆ 300, 400. ಅದೂ ಅರ್ಧ ನಿಮಿಷ.

ಹಾಗಾಗಿ ಟಾರ್ಚ್ ಕೊಳ್ಳುವಾಗ ಅತಿ ಹೆಚ್ಚು ಎಷ್ಟು ಅನ್ನುವುದಕ್ಕಿಂತ ಅತಿ ಕಡಿಮೆ ಎಷ್ಟು ಅಂತ ನಾನು ಮೊದಲು ಕೇಳುತ್ತೇನೆ. ಅಗ್ಗದ ಟಾರ್ಚುಗಳಲ್ಲಿ ಬೇಕೆಂದರೂ ಸಿಗದಿರುವುದು ಇದೇ, ಸಣ್ಣ ಬೆಳಕು. ಜೋರು ಇರುತ್ತದೆ, ಅರ್ಧ ಜೋರು ಇರುತ್ತದೆ, ಆಮೇಲೆ ಪಟಪಟ ಮಿಟುಕಿಸುವ ಮೋಡು. ಅದನ್ನು ದಾಟದೆ ಆಫ್ ಮಾಡೋಕೇ ಆಗುವುದಿಲ್ಲ. ಮೊದಲನೇ ಟಾರ್ಚಿನಲ್ಲಿ ಹಾಗೇ ಇತ್ತು. ಪ್ರತಿ ಸಲ ಆರಿಸುವಾಗಲೂ ಟೆಂಟಿನೊಳಗೆ ಗಣಪತಿ ಮೆರವಣಿಗೆಯ ಡಿಜೆ.

ಮತ್ತೆ ಲೆಕ್ಕಕ್ಕೆ ಬರೋಣ, ಇದೊಂದೇ ಬಾಕಿ. 2600 ಎಂಎಎಚ್ ಸೆಲ್, 3.7 ವೋಲ್ಟ್. ಗುಣಿಸಿದರೆ ಸುಮಾರು ಒಂಬತ್ತೂವರೆ ವಾಟ್-ಗಂಟೆ. ವಾಟಿಗೆ 100 ಲ್ಯೂಮೆನ್ ಹಿಡಿದರೆ, 100 ಲ್ಯೂಮೆನ್ನಿನಲ್ಲಿ ಒಂಬತ್ತು ಗಂಟೆ ಚಿಲ್ಲರೆ ಉರಿಯುತ್ತದೆ. 900 ಲ್ಯೂಮೆನ್ನಿನಲ್ಲಿ ಉರಿಸಿದರೆ ಒಂದು ಗಂಟೆ. ಡಬ್ಬಿ ಮೇಲೆ ಏನೇ ಬರೆದಿರಲಿ, ಸೆಲ್ಲಿನಲ್ಲಿ ಇದ್ದಷ್ಟೇ ಬರುವುದು. ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಈ ಗುಣಾಕಾರ ಮಾಡಿ. ಅರ್ಧಕ್ಕರ್ಧ ಟಾರ್ಚು ಅಲ್ಲೇ ಬಿದ್ದುಹೋಗುತ್ತವೆ.

ಡಬ್ಬಿ ಮೇಲೆ ಎಎನ್‌ಎಸ್‌ಐ ಎಫ್‌ಎಲ್1 ಅಂತ ಇದ್ದರೆ ಅದು ಟಾರ್ಚ್ ಅಳೆಯುವ ಒಂದು ಪದ್ಧತಿ. 2009ರಲ್ಲಿ ಬಂತು. ಅದಿದ್ದರೆ ಒಳ್ಳೆಯದೇ, ಆದರೆ ಅದನ್ನೂ ಓದೋಕೆ ಗೊತ್ತಿರಬೇಕು. "ದೂರ 100 ಮೀಟರ್" ಅಂದರೆ 100 ಮೀಟರ್ ಆಚೆ ಬೀಳುವ ಬೆಳಕು ಕಾಲು ಲಕ್ಸ್, ಅಂದರೆ ಸುಮಾರು ಹುಣ್ಣಿಮೆ ಬೆಳದಿಂಗಳಷ್ಟು. ಅಲ್ಲಿ ನಿಂತಿರುವುದು ಹಸುವೋ ಕಾಟಿಯೋ ಅಂತ ಹೇಳೋಕೆ ಅದು ಸಾಲದು. ಹಾಗೇ "ನಾಲ್ಕು ಗಂಟೆ ಉರಿಯುತ್ತದೆ" ಅಂದರೆ ಬೆಳಕು ಮೊದಲಿದ್ದದ್ದರ ಹತ್ತನೇ ಒಂದು ಪಾಲಿಗೆ ಇಳಿಯುವ ತನಕ ಅಂತ ಅರ್ಥ. ನಾಲ್ಕು ಗಂಟೆಯೂ ಅದೇ ಜೋರಲ್ಲ. ಬಹಳಷ್ಟು ಚಿಕ್ಕ ಟಾರ್ಚುಗಳು ಒಂದೆರಡು ನಿಮಿಷಕ್ಕೆ ಬಿಸಿಯಾಗಿ ತಾವೇ ಬೆಳಕು ಇಳಿಸಿಕೊಳ್ಳುತ್ತವೆ. ಅದು ದೋಷ ಅಲ್ಲ. ಹಾಗೆ ಇಳಿಸಿಕೊಳ್ಳದಿದ್ದರೆ ಸುಟ್ಟುಹೋಗುತ್ತವೆ.

ಕೊನೆಗೆ ನಾನು ತಂದಿದ್ದು ಇದು. ಟಾರ್ಚ್ 650 ರೂಪಾಯಿ, ಸೆಲ್ ಬೇರೆ 280. ತೀರಾ ಅಗ್ಗ ಅಲ್ಲ, ಗೊತ್ತು. ಆದರೆ ಸೆಲ್ ತೆಗೆದು ಬದಲಾಯಿಸಬಹುದು. ಒಳಗೇ ಅಂಟಿಸಿದ ಬ್ಯಾಟರಿ ಇದ್ದರೆ ಎರಡು ವರ್ಷಕ್ಕೆ ಇಡೀ ಟಾರ್ಚ್ ಕಸಕ್ಕೆ. ಹಿಂಭಾಗದಲ್ಲಿ ಎರಡು ಪಿನ್ ಹೊರಗೆ ಬಂದು ನೇರ ಗೋಡೆಗೆ ಸಿಕ್ಕಿಸುವ ಟಾರ್ಚ್ ಎಲ್ಲರ ಮನೆಯಲ್ಲೂ ಒಂದು ಇರುತ್ತದೆ, ಅಲ್ವಾ? ಅವುಗಳಲ್ಲಿ ಬಹಳಷ್ಟಕ್ಕೆ 4 ವೋಲ್ಟಿನ ಸೀಸದ ಬ್ಯಾಟರಿ. ಖಾಲಿ ಮಾಡಿ ಅಟ್ಟದ ಮೇಲೆ ಆರು ತಿಂಗಳು ಬಿಟ್ಟರೆ ಮತ್ತೆ ಏಳುವುದೇ ಇಲ್ಲ. ನಮ್ಮ ಮನೆಯಲ್ಲಿ ಅಂಥ ಮೂರು ಹೆಣ ಇವೆ.

ಚಾರ್ಜಿಂಗ್ ತೂತು ಟೈಪ್-ಸಿ ಅಂತ ಖುಷಿಪಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡೂ ಕಡೆ ಟೈಪ್-ಸಿ ಇರುವ ನಿಮ್ಮ ಫೋನಿನ ಕೇಬಲ್ ಸಿಕ್ಕಿಸಿ ನೋಡಿ. ಅಗ್ಗದ ಟಾರ್ಚುಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಹಾಕದೆ ಕಾಸು ಉಳಿಸುತ್ತಾರೆ. ಅವಿಲ್ಲದಿದ್ದರೆ ಆ ಕೇಬಲಿನಲ್ಲಿ ಚಾರ್ಜ್ ಆಗುವುದೇ ಇಲ್ಲ. ಹಳೇ ಅಗಲ ಪಿನ್ನಿನ ಕೇಬಲ್ಲೇ ಬೇಕು. ನನ್ನದೂ ಹಾಗೇ. ಅದಕ್ಕೇ ಈ ಗಿಡ್ಡ ಕೇಬಲನ್ನು ಟಾರ್ಚಿಗೇ ರಬ್ಬರ್ ಬ್ಯಾಂಡಿನಿಂದ ಸುತ್ತಿಟ್ಟಿದ್ದೇನೆ.

ಕಾಡಂಚಿಗೆ ಮೂರು ನಾಲ್ಕು ದಿನ ಹೋಗುವವರಿಗೆ ಪೆನ್ಸಿಲ್ ಸೆಲ್ಲಿನ ಟಾರ್ಚೇ ವಾಸಿ. ಬೆಳಕು ಕಡಿಮೆ ನಿಜ, ಆದರೆ ಬೀಡಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಊರಿಗೆ ಬಂದಮೇಲೆ ಮಾತ್ರ ಸೆಲ್ ಹೊರಗೆ ತೆಗೆದಿಡಿ. ಒಳಗೇ ಸೋರಿ ಬಿಳಿ ಹಿಟ್ಟು ಕಟ್ಟಿದರೆ ಸ್ಪ್ರಿಂಗ್ ತಿಂದುಹಾಕುತ್ತದೆ.

ಮುಂದೆ ಹಿಂದೆ ಎಳೆದು ಬೆಳಕು ಹಿಗ್ಗಿಸುವ ಜೂಮ್ ಟಾರ್ಚ್ ತಮ್ಮನಿಗೆ ಇಷ್ಟ ಆಯಿತು. ನಾನು ಬೇಡ ಅಂದೆ. ಆ ಎಳೆಯುವ ಜಾಗದಲ್ಲೇ ನೀರು ನುಗ್ಗುವುದು, ಮಲೆನಾಡಿನ ಮಳೆಗೆ ಅದು ಆಗಿಬರುವುದಿಲ್ಲ. ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವುದು ಐಪಿಎಕ್ಸ್ ನಂಬರ್. ಐಪಿಎಕ್ಸ್4 ಅಂದರೆ ನೀರು ಸಿಡಿದರೆ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಹಳ್ಳದಲ್ಲಿ ಕೈಜಾರಿ ಬಿದ್ದರೂ ಹುಡುಕಿ ತೆಗೆಯೋಕೆ ಅಷ್ಟು ಹೊತ್ತು ಸಾಕು.

ಬಣ್ಣದ ವಿಷಯ ಹೇಳಲೇಬೇಕು. ಎಲ್‌ಇಡಿಯ ಬಿಳಿ ಬೆಳಕು ಹುಟ್ಟುವಾಗ ನೀಲಿ. ಅದರ ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರ ಅನ್ನುವ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅಗ್ಗದ ಟಾರ್ಚಿನಲ್ಲಿ ಆ ನೀಲಿ ಇನ್ನೂ ಇಣುಕುತ್ತಿರುತ್ತದೆ. 6500 ಕೆಲ್ವಿನ್ ಅಂತ ಬರೆದಿರುತ್ತದೆ, ಟ್ಯೂಬ್‌ಲೈಟ್ ಥರ. ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ: ನಂಬರ್ ಜಾಸ್ತಿಯಾದಷ್ಟೂ ನೀಲಿ, ಕಡಿಮೆಯಾದಷ್ಟೂ ಹಳದಿ. ನನಗೆ ಬೇಕಿದ್ದದ್ದು 4000ದ ಸುತ್ತ. ಎಡಗಡೆ ಹಳೇ ಟಾರ್ಚ್, ಬಲಗಡೆ ಹೊಸದು, ಕೆಳಗೆ ಒಂದೇ ತರಗೆಲೆ ರಾಶಿ. ಎಡಗಡೆ ಎಲ್ಲ ಒಂದೇ ಬೂದಿ. ಬಲಗಡೆ ಕಂದು ಬೇರೆ, ಕೆಂಪು ಬೇರೆ, ಮಣ್ಣು ಬೇರೆ. ಅದೇ ತರಗೆಲೆ ಮೇಲೆ ಕೊಳಕುಮಂಡಲ ಸುತ್ತಿಕೊಂಡು ಮಲಗಿದ್ದರೆ ಯಾವ ಬೆಳಕಿನಲ್ಲಿ ಬೇಗ ಕಾಣುತ್ತದೆ, ನೀವೇ ಹೇಳಿ.

ಹಾಗಾದರೆ ಹೆಡ್‌ಲ್ಯಾಂಪ್ ಯಾಕೆ ತರಲಿಲ್ಲ ಅಂತ ಕೇಳುವವರು ಇದ್ದೀರಿ. ಎರಡು ಕೈಯೂ ಬಿಡುವಾಗುತ್ತದೆ, ಗೂಟ ಹೊಡೆಯೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾನು ಹೋಗುವುದು ಮಂಜಿನ ಊರುಗಳಿಗೆ. ಹಣೆ ಮೇಲಿನ ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಮಂಜಿನ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ಸು. ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ. ಜೋರು ಮಾಡಿದಷ್ಟೂ ಗೋಡೆ ಗಟ್ಟಿಯಾಗುತ್ತದೆ. ಕೈ ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದು, ಬೆಳಕು ಕಡಿಮೆ ಮಾಡಿ, ನೆಲಕ್ಕೆ ಬಿಟ್ಟರೆ ದಾರಿ ಕಾಣುತ್ತದೆ. ತೋಟದವರು ಹೇಳಿದ್ದೂ ಅದೇ ಅಲ್ವಾ, ಕಾಲ ಬುಡಕ್ಕೆ.

ಈಗ ಜನವರಿ. ಅದೇ ತೋಟ, ಅದೇ ಟೆಂಟ್. ಬ್ಯಾಗಿಗೆ ಹಾಕುವಾಗ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲಿಸಿದ್ದೆ. ಇಲ್ಲದಿದ್ದರೆ ಬಟ್ಟೆ ನಡುವೆ ಗುಂಡಿ ಒತ್ತಿಕೊಂಡು ತಾನೇ ಉರಿಯುತ್ತಾ ಬಿಸಿಯಾಗುತ್ತದೆ. ಸ್ಪೇರ್ ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬೀಗದ ಕೈ ಜೊತೆ ಜೇಬಿಗೆ ಹಾಕೀರಿ ಜೋಕೆ, ಶಾರ್ಟ್ ಆದರೆ ಬೆಂಕಿ ಹತ್ತಬಹುದು.

ಅನ್ನ ಸಾರು ಆಯಿತು. ಹಾಲಿನ ಬಣ್ಣದ ನೀರಿನ ಬಾಟಲಿ ಕೆಳಗೆ ಟಾರ್ಚ್ ಮೇಲ್ಮುಖವಾಗಿ ನಿಲ್ಲಿಸಿದ್ದೇವೆ. ನೋಡಿ, ಲಾಂದ್ರ ರೆಡಿ. ಇದು 30 ಲ್ಯೂಮೆನ್ ಅಷ್ಟೇ, ಇಸ್ಪೀಟೆಲೆ ಚೆನ್ನಾಗಿ ಕಾಣುತ್ತಿದೆ. ಹಳೇ ಸ್ಟೀಲ್ ಟಾರ್ಚ್ ಹಿಡಿದು ತೋಟದವರು ಬಂದರು. ನಮ್ಮದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಇಷ್ಟು ಸಣ್ಣದಾ? ಹಂದಿ ಬಂದ್ರೆ ಎಸೆಯೋಕೂ ಆಗಲ್ಲವಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಲಗುವಾಗ ಎಲ್ಲಕ್ಕಿಂತ ಸಣ್ಣ ಬೆಳಕಿಗೆ ಇಟ್ಟು ಟೆಂಟಿನ ಮೂಲೆಯ ಕೊಕ್ಕೆಗೆ ನೇತುಹಾಕಿದೆ. ರಾತ್ರಿ ಎದ್ದರೆ ಚಪ್ಪಲಿ ಕಾಣಲಿ ಅಂತ. ಎದ್ದ ಮೇಲೆ ಆರಿಸು ಅಂತ ತಮ್ಮನಿಗೆ ಹೇಳಿದ್ದೆ. ಬೆಳಿಗ್ಗೆ ಆರೂವರೆಗೆ ಚಾರ್ಮಾಡಿ ಕಡೆಯ ಮಂಜು ನೋಡೋಣ ಅಂತ ಹೊರಟೆವು. ತಿಂಡಿ ತಿಂದು, ಎರಡೆರಡು ಲೋಟ ಕಾಫಿ ಕುಡಿದು, ಟೆಂಟ್ ಬಿಚ್ಚೋಕೆ ಹತ್ತು ಗಂಟೆಗೆ ಒಳಗೆ ಹೋದೆ.

ಇನ್ನೂ ಉರಿಯುತ್ತಿತ್ತು.