ಹೊಳೆಯಾಚೆಯ ಸೀಮೆ: ಕೊಳ್ಳೇಗಾಲ ಬಂತು, ತಾಳವಾಡಿ ಉಳಿಯಿತು

ಕೇಳುಗರಿಗೆ ನಮಸ್ಕಾರ.

ಗಡಿ ಎಂದೊಡನೆ ನಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ. ಮೈಸೂರು, ಮಂಡ್ಯದವರ ಪಕ್ಕದಲ್ಲೇ 1799ರಿಂದ 1956ರವರೆಗೆ 157 ವರ್ಷ ಇದ್ದ ಗಡಿಯ ಮಾತು ಯಾರೂ ಎತ್ತುವುದಿಲ್ಲ. ಮಳವಳ್ಳಿ ಕಡೆಯಿಂದ ಹೋಗಿ ಗಗನಚುಕ್ಕಿಯ ಎದುರು ನಿಲ್ಲಿ. ನೀವು ನಿಂತ ನೆಲ ಆಗ ಮೈಸೂರು ಸಂಸ್ಥಾನದ್ದು. ಎದುರಿಗೆ ಕಾವೇರಿ ಹೊಳೆಯಲ್ಲಿರುವ ಶಿವನಸಮುದ್ರದ ನಡುಗಡ್ಡೆ, ಅದರಾಚೆಯ ಭರಚುಕ್ಕಿ, ಸತ್ತೇಗಾಲ, ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರನ ಬೆಟ್ಟ ಎಲ್ಲವೂ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಕೇಂದ್ರ ಇರುವುದು ಎಡದಂಡೆಯಲ್ಲಿ, ಮೈಸೂರಿನ ನೆಲದಲ್ಲಿ. ಬಲಗಡೆ ಬೇರೆ ಸರ್ಕಾರ, ಬೇರೆ ಕಾನೂನು, ಬೇರೆ ಕಂದಾಯ.

ಕನ್ನಡ ಮಾತಾಡುವ ಈ ಸೀಮೆ ಕೊಯಮತ್ತೂರಿಗೆ ಸೇರಿದ್ದು ಹೇಗೆ? ಉತ್ತರ ನೆಲದ ಏರಿಳಿತದಲ್ಲಿದೆ. ಕೊಳ್ಳೇಗಾಲ, ಚಾಮರಾಜನಗರ, ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿರುವ ತಾಳವಾಡಿ, ಮೂರೂ ಘಟ್ಟದ ಮೇಲಿನ ಊರುಗಳು. ದಕ್ಷಿಣಕ್ಕೆ ಹೋದರೆ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಕೆಳಗೆ ಸತ್ಯಮಂಗಲ, ಭವಾನಿ, ಮೆಟ್ಟೂರು. ಮೇಲಿನಿಂದ ಕೆಳಗಿಳಿಯಲು ಹಿಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಮೇಲೆ ಪಾಲಾರ್ ಕಣಿವೆ ಹಿಡಿದು ಕಾವೇರಿಪುರಕ್ಕೆ ಇಳಿಯುವ ಘಟ್ಟ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಇಳಿದದ್ದು ಇದೇ ದಾರಿಯಲ್ಲಿ. ಇನ್ನೊಂದು, ತಾಳವಾಡಿ, ತಲಮಲೆ ದಾಟಿ ಮೋಯಾರ್ ಕಣಿವೆಗೆ ಇಳಿಯುವ ಗಜ್ಜಲಹಟ್ಟಿ ಘಟ್ಟ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ದಂಡು ಇಳಿಸಿ ಸತ್ಯಮಂಗಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಮೇಲೆ ಬಿದ್ದದ್ದು ಈ ಘಟ್ಟದಿಂದ. ಮತ್ತೆ ಅಂಥದ್ದು ಆಗಬಾರದು ಎಂದು ಕಂಪನಿ ತೀರ್ಮಾನಿಸಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯವನ್ನು ಹಂಚುವಾಗ ಗವರ್ನರ್ ಜನರಲ್ ವೆಲ್ಲೆಸ್ಲಿ ಕೆನರಾ, ವಯನಾಡು, ಕೊಯಮತ್ತೂರುಗಳ ಜೊತೆಗೆ ಘಟ್ಟದ ಬಾಯಿಗಳನ್ನೂ ಕಂಪನಿಗೇ ಇರಿಸಿಕೊಂಡ. ಘಟ್ಟದ ಬಾಯಿ ಬೇಕೆಂದರೆ ಅದರ ಮೇಲಿನ ಊರುಗಳೂ ಬೇಕು. ಹಾಗೆ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರಿನ ಪಾಲಾದವು. ಒಕ್ಕಲು ಯಾವ ಮಾತಾಡುತ್ತಾನೆ, ಸಂತೆಗೆ ಎಲ್ಲಿಗೆ ಹೋಗುತ್ತಾನೆ ಎಂದು ಆಗ ಯಾರೂ ಕೇಳಲಿಲ್ಲ.

ನಕ್ಷೆಯಲ್ಲಿ ಇದು ಎಷ್ಟು ವಿಚಿತ್ರವಾಗಿತ್ತೆಂದರೆ, ಕೊಳ್ಳೇಗಾಲದ ಪಕ್ಕದ ಯಳಂದೂರು ಮೈಸೂರಿಗೆ ಸೇರಿತ್ತು. ಅದು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು. ಕೊಳ್ಳೇಗಾಲದವರು ತಮ್ಮ ಜಿಲ್ಲಾ ಕಲೆಕ್ಟರರನ್ನು ಕಾಣಲು ಯಳಂದೂರು, ಚಾಮರಾಜನಗರದ ಮೇಲೆ ಹೊರಟರೆ ಮೈಸೂರು ಸಂಸ್ಥಾನವನ್ನು ಹೊಕ್ಕು, ಮತ್ತೆ ಮದ್ರಾಸ್ ಗಡಿಗೆ ಬಂದು, ಹಾಸನೂರು, ದಿಂಬಂ ದಾಟಿ ಘಟ್ಟ ಇಳಿಯಬೇಕಿತ್ತು. ಮೈಸೂರನ್ನು ತಪ್ಪಿಸಬೇಕೆಂದರೆ ಲೊಕ್ಕನಹಳ್ಳಿ ಕಡೆಯ ಕಾಡು ದಾರಿ.

ಆದರೂ ಜನರ ಬದುಕು ಹೊಳೆಯ ಎರಡೂ ದಡದಲ್ಲಿ ಒಂದೇ ಆಗಿತ್ತು. ಇದಕ್ಕೆ ಈ ಸೀಮೆಯ ಜನಪದ ಮಹಾಕಾವ್ಯವಾದ ಮಂಟೇಸ್ವಾಮಿ ಕಾವ್ಯಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದರಲ್ಲಿ ಕಬ್ಬಿಣದ ಭಿಕ್ಷೆ ಕೇಳುವ ಹಲಗೂರು ಮಳವಳ್ಳಿ ತಾಲೂಕಿನದು, ಅಂದರೆ ಮೈಸೂರಿನದು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ನೆಲೆನಿಂತ ಚಿಕ್ಕಲ್ಲೂರು ಹೊಳೆಯಾಚೆಗೆ, ಅಂದರೆ ಮದ್ರಾಸಿನಲ್ಲಿ. ಕಂಪನಿಯ ಗೆರೆ ಆ ಕಥೆಯ ನಟ್ಟನಡುವೆ ಹಾದುಹೋಯಿತು, ಆ ಕಾವ್ಯ ಹಾಡುವ ನೀಲಗಾರರು ಆ ಗೆರೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ, ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಮಂಡ್ಯ, ಮೈಸೂರಿನ ಒಕ್ಕಲು ಹೊಳೆ ದಾಟಿ ಹೋಗುತ್ತಲೇ ಇತ್ತು. ಕಸುಬಿನಲ್ಲೂ ಹಾಗೆಯೇ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಹಿಪ್ಪುನೇರಳೆ, ರೇಷ್ಮೆ ಎಂದರೆ ಹೆಚ್ಚುಕಡಿಮೆ ಕೊಳ್ಳೇಗಾಲವೇ. ಅದು ಮೈಸೂರಿನ ರೇಷ್ಮೆ ಸೀಮೆಯದೇ ಮುಂದುವರಿಕೆ.

ಈಗ 1956ಕ್ಕೆ ಬರೋಣ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಹೊಸ ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಗೆ ಸೇರಿತು. ತಾಳವಾಡಿ ಬರಲಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕಾರಣವನ್ನು ಸಾಮಾನ್ಯವಾಗಿ ತಪ್ಪಾಗಿ ಹೇಳುತ್ತಾರೆ. ತಾಳವಾಡಿಯಲ್ಲಿ ಕನ್ನಡಿಗರು ಕಡಿಮೆ ಇದ್ದರು ಎಂಬುದು ನಿಜವಲ್ಲ. ಆಗ ಗೆರೆ ಎಳೆಯುವಾಗ ಎತ್ತಿ ಇಡುತ್ತಿದ್ದದ್ದು ಜಿಲ್ಲೆಗಳನ್ನು, ಬಹಳ ಆದರೆ ಇಡೀ ತಾಲೂಕುಗಳನ್ನು. ಕೊಳ್ಳೇಗಾಲ ಒಂದು ಪೂರ್ಣ ತಾಲೂಕು. ಹಾಗೇ ಎತ್ತಿ ಇತ್ತ ಇಡಬಹುದಿತ್ತು. ತಾಳವಾಡಿ ಘಟ್ಟದ ಕೆಳಗಿನ ಗೋಪಿಚೆಟ್ಟಿಪಾಳ್ಯ ತಾಲೂಕಿಗೆ ಸೇರಿದ ಒಂದು ಫಿರ್ಕಾ, ಅಂದರೆ ಹೋಬಳಿ ಅನ್ನಿ. ತಾಲೂಕಿನ ಬಹುಪಾಲು ತಮಿಳು, ಆದ್ದರಿಂದ ತಾಲೂಕು ಅಲ್ಲೇ ಉಳಿಯಿತು, ಅದರೊಂದಿಗೆ ತಾಳವಾಡಿಯೂ. ಕಾಸರಗೋಡಿನಲ್ಲಿ ಆದದ್ದೂ ಇಂಥದ್ದೇ: ಚಂದ್ರಗಿರಿ ಹೊಳೆಯ ಉತ್ತರದ ಹಳ್ಳಿಗಳನ್ನು ಬೇರೆ ಮಾಡಿ ನೋಡದೆ ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಟ್ಟರು.

ಹಳ್ಳಿಯನ್ನೇ ಘಟಕವಾಗಿ ಹಿಡಿದು ಗೆರೆ ಎಳೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಮದ್ರಾಸ್ ಮತ್ತು ಆಂಧ್ರದ ನಡುವೆ ಮಧ್ಯಸ್ಥಿಕೆ ವಹಿಸಿದ ಪಾಟಸ್ಕರ್ ಅವರ ಸೂತ್ರದಂತೆ ಹಳ್ಳಿ, ಬಹುಸಂಖ್ಯಾತರ ಭಾಷೆ, ನೆಲದ ನಿರಂತರತೆ ನೋಡಿ ಹಂಚಿದರು. ಅದು 1960ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ನೋಡಿದ್ದು ಮಹಾರಾಷ್ಟ್ರ, ಕೇರಳದ ಗಡಿಗಳನ್ನು. ತಾಳವಾಡಿ ಅದರ ಮುಂದೆ ಹೋಗಲೇ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ತಾಳವಾಡಿ ಬಯಲಿನಲ್ಲಿ ಬಿದ್ದ ಮಳೆ ಉತ್ತರಕ್ಕೆ ಹರಿದು ಚಾಮರಾಜನಗರದ ಚಿಕ್ಕಹೊಳೆ ಜಲಾಶಯ ಸೇರುತ್ತದೆ. ಚಾಮರಾಜನಗರಕ್ಕೆ ಹೋಗಲು ಘಟ್ಟ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಈರೋಡಿನ ಜಿಲ್ಲಾ ಕಚೇರಿಗೆ ಹೋಗಬೇಕಾದರೆ ದಿಂಬಂನ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಆ ಘಟ್ಟದಲ್ಲಿ 2022ರಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧ. ವರನಟ ರಾಜ್‌ಕುಮಾರ್ ಅವರ ಗಾಜನೂರು, ದೀಪಾವಳಿ ಮುಗಿದೊಡನೆ ಸಗಣಿಯಲ್ಲಿ ಹೊಡೆದಾಡಿ ಗೊರೆ ಹಬ್ಬ ಮಾಡುವ ಗುಮಟಾಪುರ, ಎರಡೂ ಇರುವುದು ಇಲ್ಲಿಯೇ.

ಗಡಿ ಒಂದೇ ಕಡೆಗೆ ತಪ್ಪಿದೆ ಎಂದರೂ ಸರಿಯಾಗದು. ಹನೂರು ತಾಲೂಕಿನ ಗೋಪಿನಾಥಂ, ಮಾರ್ಟಳ್ಳಿ ಕಡೆ ಮನೆಮಾತು ತಮಿಳು. ಪಾಲಾರಿನಾಚೆ ಅಂದಿಯೂರು ತಾಲೂಕಿನ ಬರಗೂರು ಬೆಟ್ಟದಲ್ಲಿ, ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ ಬರಗೂರು ದನ ಸಾಕುವ ಲಿಂಗಾಯತರ ಮನೆಮಾತು ಕನ್ನಡ. ಹೀಗಿರುವಾಗ ಇಂದು ಹೆಚ್ಚು ತುರ್ತಾದದ್ದು ಶಾಲೆಯ ಪ್ರಶ್ನೆ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಮಾಧ್ಯಮ, ಪರೀಕ್ಷೆಯಲ್ಲಿ ತಮಿಳು ಎಂದರೆ ತಾಳವಾಡಿಯ ಮಗು ಎರಡು ಕಡೆ ಎಳೆಸಿಕೊಳ್ಳುತ್ತದೆ. ಮಾರ್ಟಳ್ಳಿಯ ತಮಿಳು ಮಗುವಿಗೆ ನಮ್ಮ ಶಾಲೆಗಳಲ್ಲಿ ಏನು ಸಿಗುತ್ತಿದೆ ಎಂದು ನಾವೂ ಅಷ್ಟೇ ಕಾಳಜಿಯಿಂದ ಕೇಳಬೇಕು.

ಇನ್ನು ಕಾಗದಪತ್ರದ ವಿಷಯ. ರಾಜ್ಯ ಬದಲಾದ ದಿನವೇ ಕಾನೂನು ಬದಲಾಗಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಪ್ರಕರಣದಂತೆ ಹಳೆಯ ಮದ್ರಾಸ್ ಕಾನೂನುಗಳು ಬದಲಾಯಿಸುವವರೆಗೆ ಮುಂದುವರಿದವು. ಆದ್ದರಿಂದ ನಮ್ಮ ಹಳೆಯ ಕಾಯ್ದೆಗಳಲ್ಲಿ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬ ಹೆಸರು ಸಿಗುತ್ತದೆ. ಕಡಲ ದಂಡೆಯ ಮಂಗಳೂರಿಗೂ ಕಾವೇರಿ ದಂಡೆಯ ಕೊಳ್ಳೇಗಾಲಕ್ಕೂ ಇದ್ದ ನಂಟು ಎರಡೂ ಮದ್ರಾಸಿನಿಂದ ಬಂದವು ಎಂಬುದೊಂದೇ. 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ಕಂದಾಯದ ಮಟ್ಟಿಗೆ ರಾಜ್ಯಕ್ಕೆಲ್ಲ ಒಂದೇ ಕಾನೂನಾಯಿತು.

ಊರಿನ ಇತಿಹಾಸ ಹುಡುಕುವವರು ಎಡವುವುದು ಇಲ್ಲೇ. ಕೊಳ್ಳೇಗಾಲದ ಹಳ್ಳಿಯ 1956ಕ್ಕೆ ಹಿಂದಿನ ಸಂಗತಿಗೆ ಮೈಸೂರು ಸಂಸ್ಥಾನದ ಗೆಜೆಟಿಯರ್ ತೆಗೆದರೆ ಏನೂ ಸಿಗುವುದಿಲ್ಲ. ಮೊದಲು ನೋಡಬೇಕಾದದ್ದು 1887ರಲ್ಲಿ ನಿಕಲ್ಸನ್ ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿ. ಆಮೇಲೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸ್ ರೆವೆನ್ಯೂ ಬೋರ್ಡಿನ ನಡಾವಳಿಗಳು. ಕೇಳುವಾಗ ‘ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲೂಕು’ ಎಂದೇ ಕೇಳಿ. 1956ರಿಂದ 1997ರ ಆಗಸ್ಟ್‌ವರೆಗಿನದಕ್ಕೆ ಮೈಸೂರು ಜಿಲ್ಲೆ, ಅಲ್ಲಿಂದೀಚೆಗೆ ಚಾಮರಾಜನಗರ ಜಿಲ್ಲೆ. ಕಲ್ಲಿನ ಶಾಸನಗಳಿಗೂ ಇದೇ ಎಚ್ಚರಿಕೆ: ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೂಲ ಸಂಪುಟಗಳು ಮೈಸೂರು, ಕೊಡಗುಗಳವು, ಅವುಗಳಲ್ಲಿ ಕೊಳ್ಳೇಗಾಲವಿಲ್ಲ. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರುಗಳ ಜೊತೆ ಕೊಳ್ಳೇಗಾಲದ ಶಾಸನಗಳೂ ಸೇರಿವೆ. ನಮಸ್ಕಾರ.