ಬಾಗ್ಲು ತಗಿ ಗುಬ್ಬಕ್ಕ: ಚಿತ್ರಪುಸ್ತಕದಿಂದ ಸಂಗೀತ ಪಾಠ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಚಿತ್ರದುರ್ಗ, ಚಳ್ಳಕೆರೆ, ಹೊಳಲ್ಕೆರೆ, ದಾವಣಗೆರೆ ಕಡೆಯಿಂದ ಬಂದಿರುವ ಅಂಗನವಾಡಿ ಕಾರ್ಯಕರ್ತೆಯರೇ, ನಲಿಕಲಿ ಶಿಕ್ಷಕರೇ, ಸಂಗೀತದ ಮೇಷ್ಟ್ರೇ, ಎಲ್ಲರಿಗೂ ನಮಸ್ಕಾರ.

ಮಕ್ಕಳ ಸಂಗೀತಕ್ಕೆ ಚಿತ್ರಪುಸ್ತಕ ಬೇಕು ಅಂತ ಅಂಗಡಿಗೆ ಹೋದರೆ ಕೈಗೆ ಬರುವುದು ಒಂದೇ ಬಗೆಯದು. ಒಂದು ಪುಟಕ್ಕೆ ವೀಣೆ, ಒಂದಕ್ಕೆ ತಬಲ, ಇನ್ನೊಂದಕ್ಕೆ ಕೊಳಲು, ಕೆಳಗೆ ದಪ್ಪಕ್ಷರದಲ್ಲಿ ಹೆಸರು. ಮಗು ‘ವೀಣೆ’ ಅನ್ನುತ್ತದೆ, ಟೀಚರ್ ‘ಶಹಬ್ಬಾಸ್’ ಅನ್ನುತ್ತಾರೆ, ಪುಟ ಮುಗಿಯಿತು. ಇಷ್ಟರಲ್ಲಿ ಒಂದು ಸ್ವರವೂ ಹುಟ್ಟಲಿಲ್ಲ, ಒಂದು ತಾಳವೂ ಬೀಳಲಿಲ್ಲ. ಹಣ್ಣಿನ ಚಾರ್ಟು, ವಾಹನದ ಚಾರ್ಟು ಇದ್ದ ಹಾಗೆ ಇದೊಂದು ವಾದ್ಯದ ಚಾರ್ಟು. ಗೋಡೆಗೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಸಂಗೀತದ ಪಾಠ ಅಂತ ಕರೆಯಬೇಡಿ, ಅಷ್ಟೇ.

ವಾದ್ಯದ ಚಿತ್ರ ಒಂದೂ ಇಲ್ಲದ ಪುಸ್ತಕದಿಂದ ಲಯ, ಶ್ರುತಿ, ಪಲ್ಲವಿ ಮೂರನ್ನೂ ಕಲಿಸಬಹುದು ಅನ್ನುವುದು ನನ್ನ ವಾದ. ಪುಸ್ತಕದೊಳಗಿನ ಸಂಗೀತ ಇರುವುದು ಪುಟ ತಿರುಗುವ ಜಾಗದಲ್ಲಿ. ಈ ಮಾತನ್ನು ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೇ ಒಂದು ಆಕ್ಷೇಪಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ‘ಸಂಗೀತ ಕಿವಿಯ ವಿದ್ಯೆ, ಇದಕ್ಕೆ ಚಿತ್ರ ಯಾಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಯಾವ ಚಿತ್ರ ಇತ್ತು?’ ಅಂತ ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಮನಸ್ಸಿನಲ್ಲೇ ಕೇಳುತ್ತಿದ್ದಾರೆ, ಮುಖ ನೋಡಿದರೇ ಗೊತ್ತಾಗುತ್ತದೆ. ನ್ಯಾಯವಾದ ಪ್ರಶ್ನೆ. ಅಲ್ಲಿನ ಗುರುಗಳಾದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ನೂರಾರು ಮಕ್ಕಳು ಅಲ್ಲಿ ಕಿವಿಯಿಂದಲೇ ಕಲಿತು ಗವಾಯಿಗಳಾದರು. ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಜನಪದ ಗಾಯಕಿ ಸಿರಿಯಜ್ಜಿ ಓದುಬರಹ ಇಲ್ಲದೆ ಸಾವಿರಾರು ಪದ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಆದರೆ ಆಶ್ರಮದ ಮಗು ಬೆಳಗಿನಿಂದ ರಾತ್ರಿವರೆಗೆ ಗುರುವಿನ ದನಿ ಕೇಳುತ್ತಾ ಬೆಳೆಯುತ್ತದೆ. ಹಟ್ಟಿಯ ಹುಡುಗಿ ಅಜ್ಜಿಯ ಪಕ್ಕ ಕೂತು ಬೀಸುವಾಗ, ಕುಟ್ಟುವಾಗ ಸೊಲ್ಲು ಹಿಡಿಯುತ್ತಾಳೆ. ನಮ್ಮ ಅಂಗನವಾಡಿಯಲ್ಲಿ ಇಪ್ಪತ್ತೈದು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಹದಿನೈದು ನಿಮಿಷ, ಅದರ ನಡುವೆ ಮೊಟ್ಟೆ ಬಂತಾ, ತೂಕದ ರಿಜಿಸ್ಟರ್ ಎಲ್ಲಿ. ಅಷ್ಟು ಮಕ್ಕಳನ್ನು ಒಂದೇ ಕಾಲದಲ್ಲಿ ಹಿಡಿದಿಡಲು, ‘ಈಗ ಬರುತ್ತೆ, ಮತ್ತೆ ಅದೇ ಬರುತ್ತೆ’ ಅನ್ನುವುದನ್ನು ಮೊದಲೇ ತೋರಿಸಲು ಚಿತ್ರ ಬೇಕು. ಹಾಡುವುದಕ್ಕೆ ಬೇಡ.

ಇನ್ನು ಯಾವ ಕಥೆ? ಕಾಗಕ್ಕ ಗುಬ್ಬಕ್ಕ. ನಗಬೇಡಿ. ಇದಕ್ಕಿಂತ ಒಳ್ಳೆಯ ಸಂಗೀತ ಪುಸ್ತಕ ಯಾರೂ ಅಚ್ಚು ಹಾಕಿಲ್ಲ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲು ಮನೆ. ಮಳೆ ಬಂತು, ಸಗಣಿ ಮನೆ ಕೊಚ್ಚಿಹೋಯಿತು. ನೆನೆದುಕೊಂಡು ಬಂದ ಕಾಗಕ್ಕ ಬಾಗಿಲು ಬಡಿಯುತ್ತಾಳೆ. ಒಳಗಿಂದ ಗುಬ್ಬಕ್ಕ ‘ತಾಳು, ಮಗೂಗೆ ನೀರು ಹಾಕ್ತಿದೀನಿ’ ಅನ್ನುತ್ತಾಳೆ. ಮತ್ತೆ ಬಡಿತ. ‘ತಾಳು, ಅಂಗಿ ಹಾಕ್ತಿದೀನಿ.’ ಮತ್ತೆ ಬಡಿತ. ಕಥೆಯ ಕೊನೆ ಮನೆಮನೆಗೂ ಬೇರೆ. ಕೆಲವರ ಮನೆಯಲ್ಲಿ ಕಾಗೆ ಒಲೆ ಮೇಲೆ ಕೂತು ಸುಟ್ಟುಕೊಳ್ಳುತ್ತದೆ, ಕೆಲವರ ಮನೆಯಲ್ಲಿ ರಾತ್ರಿಯೆಲ್ಲ ಕಟುಂ ಕಟುಂ ಅಂತ ಕಡಲೆ ತಿಂದು ಖಾಲಿ ಮಾಡುತ್ತದೆ. ಅತ್ತೆ ಮನೆಯ ಕೊನೆ ಸರಿಯೋ ತವರುಮನೆಯ ಕೊನೆ ಸರಿಯೋ ಅಂತ ಊಟದ ಹೊತ್ತಿಗೆ ಜಗಳ ಮಾಡಿಕೊಳ್ಳಿ. ನಮಗೆ ಬೇಕಾದದ್ದು ನಡುವಿನ ಬಾಗಿಲು ಬಡಿಯುವ ಭಾಗ. ಅದೇ ಪಲ್ಲವಿ. ಒಂದು ಸಾಲು ಹಾಗೇ ಉಳಿಯುತ್ತದೆ, ಒಂದೇ ಒಂದು ಪದ ಬದಲಾಗುತ್ತದೆ.

ಎಂಟು ಎಣಿಕೆಗೆ ಕೂರಿಸಿ. ಕಾಗಕ್ಕ:

ಗುಬ್ | ಬಕ್ಕ | ಗುಬ್ | ಬಕ್ಕ | ಬಾಗ್ಲು | ತಗಿ | ಟಕ್ | ಟಕ್

ಗುಬ್ಬಕ್ಕ:

ತಾಳು | ತಾಳು | ಕಾ | ಗಕ್ಕ | ನೀರು | ಹಾಕ್ತೀನಿ | – | –

ಎರಡು ಸಾಲಿನಲ್ಲೂ ಮಾತು ಆರೇ ಎಣಿಕೆ. ಕಾಗಕ್ಕನ ಉಳಿದ ಎರಡು ಎಣಿಕೆಗೆ ಮಕ್ಕಳು ನೆಲ ಬಡಿಯುತ್ತಾರೆ. ಗುಬ್ಬಕ್ಕನ ಉಳಿದ ಎರಡರಲ್ಲಿ ಯಾರೂ ಸದ್ದು ಮಾಡುವಂತಿಲ್ಲ, ಪುಟ ತಿರುಗುತ್ತದೆ. ಇಡೀ ಪಾಠ ಆ ಎರಡು ಎಣಿಕೆಯಲ್ಲಿದೆ. ಬಡಿಯುವುದನ್ನು ಯಾವ ಮಗುವಿಗೂ ಕಲಿಸಬೇಕಾಗಿಲ್ಲ, ಕಲಿಸದಿದ್ದರೂ ಬಡಿಯುತ್ತದೆ. ಬಿಡುವಿನ ಎರಡು ಎಣಿಕೆಯನ್ನು ಒಳಗೇ ಎಣಿಸಿಕೊಂಡು ಸರಿಯಾದ ಕಾಲಕ್ಕೆ ಮತ್ತೆ ‘ಗುಬ್’ ಅಂತ ಎಲ್ಲರ ಜೊತೆ ಎದ್ದರೆ, ಆ ಮಗುವಿಗೆ ಲಯ ಬಂದಿದೆ.

ಮೊದಲ ದಿನ ಏನಾಗುತ್ತದೆ ಹೇಳುತ್ತೇನೆ. ಅರ್ಧ ಮಕ್ಕಳು ಬಿಡುವಿನಲ್ಲೂ ಟಕ್ ಟಕ್ ಅನ್ನುತ್ತವೆ. ‘ಶ್ಶ್, ಸುಮ್ಮನಿರಿ’ ಅಂದಿರೋ, ಕಾಲ ಅಲ್ಲೇ ಮುರಿಯಿತು. ಬಾಯಿ ಮುಚ್ಚಿಸಬೇಡಿ, ಕೈಗೆ ಕೆಲಸ ಕೊಡಿ. ಎರಡೂ ಅಂಗೈ ಮೇಲೆ ಮಾಡಿ ಗಾಳಿಯಲ್ಲಿ ಎರಡು ಸಲ ಬೀಸಲಿ. ಮುಂದೆ ಆದಿತಾಳ ಹಾಕುವಾಗ ಪೆಟ್ಟಿನ ಪಕ್ಕದಲ್ಲಿ ಬರುವ ಉಸಿಗೆ, ಅಂದರೆ ಅಂಗೈ ಮೇಲೆ ಮಾಡುವ ಸದ್ದಿಲ್ಲದ ಎಣಿಕೆಗೆ, ಆ ಕೈ ಈಗಲೇ ಹದವಾಗಿರುತ್ತದೆ. ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಉಸಿ, ಇದನ್ನೆಲ್ಲ ನಾಲ್ಕು ವರ್ಷದ ಬೆರಳಿಗೆ ಹೇರಬೇಡಿ. ಉಂಗುರದ ಬೆರಳು ಒಂದೇ ಏಳುವುದಿಲ್ಲ, ಮಗು ಬೆರಳು ನೋಡುತ್ತಾ ಹಾಡು ಬಿಡುತ್ತದೆ. ತೊಡೆ ತಟ್ಟಿದರೆ ಸಾಕು.

ಈಗ ಪುಸ್ತಕ. ನಾಲ್ಕು ದಪ್ಪ ಚಾರ್ಟು ತಗೊಳ್ಳಿ, 22 ಇಂಚು 28 ಇಂಚಿನದು. ಒಂದೊಂದನ್ನೂ ಅರ್ಧ ಮಾಡಿದರೆ 14 ಇಂಚು 22 ಇಂಚಿನ ಎಂಟು ಹಾಳೆ. ಅಗಲವಾಗಿ ಇಟ್ಟು, ಮೇಲಂಚಿಗೆ ಮೂರು ತೂತು, ಮೂರು ದೊಡ್ಡ ರಿಂಗು. ಗೋಡೆ ಕ್ಯಾಲೆಂಡರಿನ ಹಾಗೆ ಮೇಲಕ್ಕೆ ತಿರುಗಬೇಕು. ಪಕ್ಕಕ್ಕೆ ತಿರುಗಿಸಿದರೆ ನಿಮ್ಮ ಕೈ ಚಿತ್ರಕ್ಕೆ ಅಡ್ಡ ಬರುತ್ತದೆ, ಬಲಗಡೆ ಕೂತ ಐದು ಮಕ್ಕಳಿಗೆ ಏನೂ ಕಾಣುವುದಿಲ್ಲ, ಅವು ಎದ್ದು ನಿಲ್ಲುತ್ತವೆ, ಹಿಂದಿನವು ಕಿರುಚುತ್ತವೆ. ತೂತಿನ ಸುತ್ತ ಎರಡೂ ಬದಿಗೆ ಟೇಪು ಹಚ್ಚಿ, ಇಲ್ಲದಿದ್ದರೆ ಮೊದಲು ಹರಿಯುವುದು ಅಲ್ಲೇ. ಹಿಂದೆ ದಪ್ಪ ರಟ್ಟು ಕೊಟ್ಟು ಸ್ಟೂಲಿನ ಮೇಲೆ, ಕೂತ ಮಕ್ಕಳ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ.

ಲ್ಯಾಮಿನೇಷನ್ ಮಾಡಿಸಬೇಡಿ. ಟ್ಯೂಬ್‌ಲೈಟು ಅದರ ಮೇಲೆ ಬಿದ್ದು ಗುಬ್ಬಿಯ ಬದಲು ಬಿಳಿ ಪಟ್ಟೆ ಕಾಣುತ್ತದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಬೇರೆ. ಸ್ಕೆಚ್ ಪೆನ್ನಿನ ಗೆರೆ ಹತ್ತಡಿಯಿಂದ ಕಾಣದು, ಮಾರ್ಕರಿನಲ್ಲಿ ಕಾಲಿಂಚು ದಪ್ಪದ ಗೆರೆ ಎಳೆಯಿರಿ. ಪುಟದ ಎಡಗಡೆ ಮುಚ್ಚಿದ ಬಾಗಿಲು, ಕಾಗೆ, ಮಳೆ. ಬಲಗಡೆ ಒಳಮನೆ, ಗುಬ್ಬಿ, ಮರಿ. ನಿಮ್ಮ ಬೆರಳು ಎಡದಲ್ಲಿದ್ದರೆ ಕಾಗಕ್ಕನ ಸಾಲು, ಬಲಕ್ಕೆ ಹೋದರೆ ಗುಬ್ಬಕ್ಕನ ಸಾಲು. ಅಕ್ಷರ ಬರೆಯಬೇಡಿ. ಬಾಗಿಲನ್ನು ಕತ್ತರಿಸಿ ನಿಜವಾಗಿ ತೆರೆಯುವ ಹಾಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಒಂದು ವಾರದಲ್ಲಿ ಬಾಗಿಲು ಕಿತ್ತು ಯಾವುದೋ ಮಗುವಿನ ಜೇಬು ಸೇರಿರುತ್ತದೆ.

ಹಾಳೆ ಒಂದಕ್ಕೆ ಎರಡು ಮನೆ, ಎರಡಕ್ಕೆ ಮಳೆ. ಮೂರರಿಂದ ಆರರವರೆಗೆ ನೀರು, ಅಂಗಿ, ಹಾಲು, ತೊಟ್ಟಿಲು. ಏಳಕ್ಕೆ ಬಾಗಿಲು ತೆರೆಯಿತು. ಎಂಟನೆಯದರಲ್ಲಿ ಮುಚ್ಚಿದ ಬಾಗಿಲು ಮಾತ್ರ, ಬೇರೇನೂ ಇಲ್ಲ. ಅದನ್ನು ತೋರಿಸಿ ನೀವು ಬಾಯಿ ಬಿಡದೆ ಕೂರಬೇಕು. ಮಕ್ಕಳೇ ಗುಬ್ಬಕ್ಕನಿಗೆ ಹೊಸ ಕೆಲಸ ಹುಡುಕುತ್ತವೆ. ‘ತಾಳು ತಾಳು ಕಾಗಕ್ಕ ದೋಸೆ ಹೊಯ್ತೀನಿ’ ಅಂತ ದಾವಣಗೆರೆ ಮಗು ಹೇಳದೆ ಬಿಡುವುದಿಲ್ಲ. ಪದ ಯಾವುದಾದರೂ ಆಗಲಿ, ಎರಡು ಎಣಿಕೆಯಲ್ಲಿ ಕೂರಬೇಕು. ‘ಬೆಣ್ಣೆದೋಸೆ ಹೊಯ್ತಾ ಇದೀನಿ’ ಅಂದರೆ ಬಿಡುವು ಮುಚ್ಚಿಹೋಗುತ್ತದೆ, ಪುಟ ತಿರುಗಿಸಲು ಜಾಗ ಸಿಗುವುದಿಲ್ಲ. ಅದು ತಪ್ಪು ಅಂತ ನೀವು ಹೇಳಬೇಕಾಗಿಲ್ಲ, ಮಕ್ಕಳಿಗೇ ತಿಳಿಯುತ್ತದೆ.

ಮತ್ತೆ ಪುಟ ತಿರುಗಿಸುವ ವಿಷಯಕ್ಕೇ ಬಂದೆ. ನಿಮಿಷಕ್ಕೆ 96 ಎಣಿಕೆಯ ವೇಗ ಇಟ್ಟುಕೊಂಡರೆ ಎರಡು ಎಣಿಕೆಗೆ ಸಿಗುವುದು ಒಂದೂಕಾಲು ಸೆಕೆಂಡು. ಅಷ್ಟರಲ್ಲಿ 14 ಇಂಚಿನ ಹಾಳೆ ಆ ಕಡೆ ಬೀಳಬೇಕು. ಆಮೇಲೆ ಅಂಚು ಹುಡುಕುತ್ತೇನೆ ಅಂದರೆ ಆಗದು. ಒಂದೊಂದು ಹಾಳೆಯ ಕೆಳಂಚಿಗೂ ಒಂದು ಐಸ್‌ಕ್ರೀಮ್ ಕಡ್ಡಿ ಅಂಟಿಸಿ, ಒಂದಿಂಚು ಹೊರಗೆ ಚಾಚಿರಲಿ. ಮೊದಲ ಹಾಳೆಯದು ಎಡತುದಿ, ಎರಡನೆಯದು ಸ್ವಲ್ಪ ಬಲಕ್ಕೆ, ಹೀಗೆ ಸಾಲಾಗಿ. ಆಗ ಎರಡು ಹಾಳೆ ಒಟ್ಟಿಗೆ ಬರುವುದು ತಪ್ಪುತ್ತದೆ. ಐದನೇ ಎಣಿಕೆಗೆ ಕಡ್ಡಿಯ ಮೇಲೆ ಬೆರಳು, ಏಳಕ್ಕೆ ಎತ್ತು, ಎಂಟಕ್ಕೆ ಬಿದ್ದಿರಬೇಕು. ಮಕ್ಕಳಿಲ್ಲದಾಗ ಬಾಯಲ್ಲಿ ಹಾಡುತ್ತಾ ಇದನ್ನು ಅಭ್ಯಾಸ ಮಾಡಿ. ತಬಲದವರು ತಿಂಗಳುಗಟ್ಟಲೆ ಒಂದೇ ಬೋಲು ತಿದ್ದುತ್ತಾರೆ, ನಾವು ಒಂದು ಹಾಳೆ ತಿರುಗಿಸಲು ಒಂದು ಸಂಜೆ ಕೊಡಬಹುದು. ಹಾಳೆ ಸಿಕ್ಕಿಕೊಂಡರೆ ಹಾಡು ನಿಲ್ಲಿಸಬೇಡಿ, ಹಳೆಯ ಚಿತ್ರದ ಮೇಲೇ ಇನ್ನೊಂದು ಸುತ್ತು ಕಾಗಕ್ಕ ಬಡಿಯಲಿ. ಪುಟಕ್ಕಾಗಿ ಕಾಲ ಹಿಂಜಿದ ದಿನ ಮಕ್ಕಳು ಲಯ ಅಂದರೆ ಟೀಚರ್‌ಗೆ ಅನುಕೂಲವಾದಾಗ ನಡೆಯುವಂಥದ್ದು ಅಂತ ಕಲಿಯುತ್ತವೆ.

ಶ್ರುತಿಗೆ ಬರೋಣ. ಕಾಗಕ್ಕನ ಸಾಲಿಗೆ ಎರಡೇ ಸ್ವರ: ಪ ಗ, ಪ ಗ, ಪ ಗ. ‘ಗ’ ಅಂದರೆ ಇಲ್ಲಿ ಅಂತರ ಗಾಂಧಾರ. ಮಕ್ಕಳು ಬೀದಿಯಲ್ಲಿ ಒಬ್ಬರನ್ನೊಬ್ಬರು ಕೂಗುವುದು ಹೆಚ್ಚುಕಡಿಮೆ ಈ ಇಳಿತದಲ್ಲೇ. ಹಂಗೇರಿಯ ಜೋಲ್ತಾನ್ ಕೊಡಾಯ್ ಪದ್ಧತಿಯಲ್ಲೂ ಮೊದಲ ಪಾಠ ಇದೇ ಎರಡು ಸ್ವರ, ಅವರು ‘ಸೊ ಮಿ’ ಅನ್ನುತ್ತಾರೆ. ಗುಬ್ಬಕ್ಕನ ಸಾಲು ಪ ಪ ಗ ಗ ರಿ ಸ ಅಂತ ಮನೆಗೆ ಇಳಿಯಲಿ. ‘ರಿ’ ಅಂದರೆ ಇಲ್ಲಿ ಚತುಶ್ರುತಿ ರಿಷಭ, ಶುದ್ಧ ರಿಷಭಕ್ಕಿಂತ ಮೇಲಿನದು. ಸಂಗೀತದ ಮೇಷ್ಟ್ರು ಹುಬ್ಬು ಗಂಟಿಕ್ಕಿದರು: ‘ಪುರಂದರದಾಸರು ಮಾಯಾಮಾಳವಗೌಳ ರಾಗದಿಂದ ಶುರು ಮಾಡಿದರಲ್ಲ?’ ಹೌದು, ಸರಳೆ ವರಸೆಗೆ, ಅಂದರೆ ಮೊದಲ ಸ್ವರಪಾಠಕ್ಕೆ, ಕೂರುವ ಏಳೆಂಟು ವರ್ಷದ ಮಗುವಿಗೆ ಅದು ಸರಿ. ನಾಲ್ಕು ವರ್ಷದ ಗಂಟಲಿಗೆ ಷಡ್ಜದ, ಅಂದರೆ ‘ಸ’ದ, ಪಕ್ಕದಲ್ಲೇ ಇರುವ ಶುದ್ಧ ರಿಷಭ ನಿಲ್ಲುವುದಿಲ್ಲ, ಜಾರಿ ಷಡ್ಜಕ್ಕೇ ಬೀಳುತ್ತದೆ. ಒಂದು ಧೈವತ ಸೇರಿಸಿದರೆ ಮೋಹನ ರಾಗ ಆಯಿತು. ಭೂಪ್ ಅಂತ ಬೇಕಾದರೂ ಕರೆಯಿರಿ, ಕರ್ನಾಟಕಿ ಹಿಂದುಸ್ತಾನಿ ಎರಡೂ ನಡೆಯುವ ಸೀಮೆ ನಮ್ಮದು.

‘ದುರ್ಗದ ಕೋಟೆಗೆ ಏಳು ಸುತ್ತು, ಸಂಗೀತಕ್ಕೆ ಏಳು ಸ್ವರ’ ಅಂತ ಇಲ್ಲಿ ಪ್ರತಿ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. ಚೆನ್ನಾಗಿದೆ. ಆದರೆ ನಾಲ್ಕು ವರ್ಷದ ಮಗುವನ್ನು ಒಂದೇ ಬೆಳಿಗ್ಗೆ ಏಳು ಸುತ್ತೂ ಹತ್ತಿಸಿದರೆ ಇಳಿಯುವಾಗ ಎತ್ತಿಕೊಳ್ಳುವವರು ಯಾರು?

ಷಡ್ಜ ಎಲ್ಲಿ ಇಡಬೇಕು ಅನ್ನುವುದರಲ್ಲೇ ಹೆಚ್ಚು ಶಾಲೆ ಎಡವುವುದು. ಹಾರ್ಮೋನಿಯಂನ ನಡು ಸಪ್ತಕದ ಬಿಳಿ ಎರಡು ಅಥವಾ ಕರಿ ಎರಡಕ್ಕೆ, ಅಂದರೆ ಎರಡನೇ ಬಿಳಿ ಅಥವಾ ಎರಡನೇ ಕರಿ ಕೀಲಿಗೆ, ಇಡಿ. ಟೀಚರ್ ತಮಗೆ ಹಿತ ಅಂತ ಅದಕ್ಕಿಂತ ಕೆಳಗೆ, ಕೆಳಗಿನ ಸಪ್ತಕದ ಬಿಳಿ ಐದಕ್ಕೆ ಇಟ್ಟರೆ ಮಕ್ಕಳ ಷಡ್ಜ ದನಿಯೇ ಇಲ್ಲದ ಪಿಸುಮಾತಾಗುತ್ತದೆ. ಆಗ ಜೋರಾಗಿ ಅನ್ನಿಸಲು ಹೋದರೆ ಕಿರುಚಾಟ ಶುರು. ಗಂಡು ದನಿ ಒಂದು ಸಪ್ತಕ ಕೆಳಗೆ ಇರುವುದರಿಂದ ಕೆಲವು ಮಕ್ಕಳು ಮೇಷ್ಟ್ರ ಹಾಗೆ ಗೊಗ್ಗರು ಗಂಟಲು ಮಾಡಲು ನೋಡುತ್ತವೆ. ಮೇಷ್ಟ್ರು ಒಂದು ಸಲ ಹಾಡಿ, ಸ್ವರ ಹಿಡಿದ ಒಂದು ಮಗುವಿನಿಂದ ಹಾಡಿಸಿ, ಆ ಮಗುವಿನ ದನಿಗೆ ಉಳಿದವರನ್ನು ಸೇರಿಸಲಿ.

ಅಧ್ಯಕ್ಷರಿಂದ ಚೀಟಿ ಬಂತು. ‘ಐದು ನಿಮಿಷ’ ಅಂತಿದೆ, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ವಾರದ ಕ್ರಮ: ಸೋಮವಾರ ನೀವು ಮಾತ್ರ ಹೇಳಿ, ಮಕ್ಕಳದು ಬರೀ ಟಕ್ ಟಕ್. ಮಂಗಳವಾರ ಕಾಗಕ್ಕನ ಸಾಲು ಮಕ್ಕಳದು. ಬುಧವಾರ ಗುಬ್ಬಕ್ಕನದು. ಗುರುವಾರ ಎರಡು ಗುಂಪು. ಶುಕ್ರವಾರ ಪುಸ್ತಕ ಮುಚ್ಚಿ ಹಾಡಿಸಿ, ಬಿಡುವಿನ ಎರಡು ಎಣಿಕೆ ಉಳಿದಿದೆಯಾ ನೋಡಿ. ಮಕ್ಕಳು ಅಲ್ಲಿ ಧಾವಿಸಿದರೆ ಮುಂದಿನ ವಾರವೂ ಇದೇ ಪುಸ್ತಕ. ದಿನಕ್ಕೆ ಹನ್ನೆರಡು ನಿಮಿಷ ಮೀರಬೇಡಿ.

ವಾದ್ಯ ಕೊಡುವುದಾದರೆ ಮೂರನೇ ವಾರ, ನಾಲ್ಕು ಮಕ್ಕಳಿಗೆ ಮಾತ್ರ, ಕೋಲಾಟದ ಕೋಲು ಎಂಟಿಂಚಿಗೆ ಕತ್ತರಿಸಿದ್ದು ಅಥವಾ ತೆಂಗಿನ ಕರಟ. ಗೆಜ್ಜೆ ಬೇಡ. ಬೇಕೆಂದ ಕೂಡಲೇ ಅದು ಸುಮ್ಮನಾಗುವುದಿಲ್ಲ, ಬಿಡುವನ್ನೆಲ್ಲ ತುಂಬಿಬಿಡುತ್ತದೆ.

ಎರಡನೇ ಪುಸ್ತಕಕ್ಕೆ ಒನಕೆ ಚೆನ್ನ. ಎತ್ತಿದ ಒನಕೆ ಒಂದು ಚಿತ್ರ, ಇಳಿದ ಒನಕೆ ಒಂದು ಚಿತ್ರ. ಇಳಿದದ್ದಕ್ಕೆ ‘ಧುಂ’, ಎತ್ತಿದ್ದಕ್ಕೆ ಸದ್ದಿಲ್ಲ. ಒಂದು ಪುಟದಲ್ಲಿ ನಾಲ್ಕು ಚಿತ್ರ ಸಾಲಾಗಿ ಬರೆದರೆ ಅದೇ ಸ್ವರಲಿಪಿಗೆ ಮೊದಲ ಮೆಟ್ಟಿಲು. ಮಕ್ಕಳು ಅದನ್ನು ಎಡದಿಂದ ಬಲಕ್ಕೆ ಓದುತ್ತವೆ. ಓಬವ್ವನ ಕಥೆಯನ್ನೇ ಮಾಡಬಹುದಲ್ಲಾ ಅನ್ನುತ್ತೀರಿ, ದುರ್ಗದವರು ಅನ್ನದೆ ಇರುತ್ತೀರಾ? ಕಿಂಡಿಯಲ್ಲಿ ಮೆಲ್ಲಗೆ ತೆವಳುವ ಸದ್ದು, ಆಮೇಲೆ ಒನಕೆಯ ಪೆಟ್ಟು, ಮೆಲುದನಿ ಗಟ್ಟಿದನಿ ಕಲಿಸಲು ಹೇಳಿ ಮಾಡಿಸಿದಂತಿದೆ. ಆದರೆ ಮೂರನೇ ತರಗತಿವರೆಗೆ ತಡೆಯಿರಿ, ಅಂಗನವಾಡಿಯಲ್ಲಿ ಆಮೇಲೆ ಎಲ್ಲರೂ ಎಲ್ಲರಿಗೂ ಒನಕೆ ಬೀಸುತ್ತಾರೆ.

ಅಚ್ಚಾದ ಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ್ದು ಉಚಿತವಾಗಿ ಸಿಗುತ್ತದೆ, ಇಳಿಸಿ ಮುದ್ರಿಸಿಕೊಳ್ಳಬಹುದು. ಆರಿಸುವಾಗ ಒಂದೇ ನೋಡಿ: ಮರಳಿ ಮರಳಿ ಬರುವ ಸಾಲು ಇದೆಯಾ, ಮತ್ತು ಅದು ಪುಟದ ಕೊನೆಯಲ್ಲಿ ಮುಗಿಯುತ್ತದೆಯಾ. ಪುಟದ ನಡುವೆ ಮುಗಿದರೆ ಬಿಡುವು ಎಲ್ಲಿ ಇಡುತ್ತೀರಿ?

ಕೊನೆಯದು, ಹಾಡದ ಮಗು. ಪ್ರತಿ ಕೇಂದ್ರದಲ್ಲೂ ಒಂದಿರುತ್ತದೆ. ಬಲವಂತ ಮಾಡಬೇಡಿ, ಅದನ್ನು ಸ್ಟೂಲಿನ ಪಕ್ಕ ನಿಲ್ಲಿಸಿ ಕಡ್ಡಿ ಅದರ ಕೈಗೆ ಕೊಡಿ. ಪುಟ ತಿರುಗಿಸಬೇಕಾದರೆ ಎಣಿಸಲೇಬೇಕು. ಏಳಕ್ಕೆ ಎತ್ತಿ ಎಂಟಕ್ಕೆ ಬಿಟ್ಟರೆ ಆ ಮಗು ಹಾಡಿದವರಿಗಿಂತ ಮುಂದಿದೆ ಅಂತ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.

ನಮೂನೆಯ ಪುಸ್ತಕ ಎರಡು ಹಿಂದಿನ ಮೇಜಿನ ಮೇಲಿವೆ, ಅಳತೆ ತೆಗೆದುಕೊಳ್ಳಿ. ಫೆವಿಕಾಲ್ ಇನ್ನೂ ಒಣಗಿಲ್ಲ, ಕಡ್ಡಿ ಹಿಡಿದು ಮಾತ್ರ ಎತ್ತಬೇಡಿ. ನಮಸ್ಕಾರ.