ನೀರಂಚಿನ ಹುಲ್ಲು

ಕೇಳುಗರೇ, ನಮಸ್ಕಾರ.

ಇಲಿ ಅಂದ್ರೆ ಅಂಗೈಯಲ್ಲಿ ಹಿಡಿಸುವ ಪ್ರಾಣಿ ಅಂದುಕೊಂಡಿರುತ್ತೇವೆ. ಆದರೆ ಐದಾರು ಕಿಲೋ ತೂಗುವ ಇಲಿ ಸಂಬಂಧಿಯೊಂದಿದೆ. ಹೆಸರು ನ್ಯೂಟ್ರಿಯಾ. ಕಿತ್ತಳೆ ಬಣ್ಣದ ಹಲ್ಲು, ಜಾಲಪಾದ, ಅರ್ಧ ಬದುಕು ನೀರಿನಲ್ಲಿ. ತವರು ದಕ್ಷಿಣ ಅಮೆರಿಕ. ತುಪ್ಪಳಕ್ಕಾಗಿ ಸಾಕಲು ಬೇರೆ ಬೇರೆ ಖಂಡಗಳಿಗೆ ಒಯ್ದರು. ಕೆಲವು ತಪ್ಪಿಸಿಕೊಂಡವು, ಕೆಲವನ್ನು ಜನರೇ ಬಿಟ್ಟುಬಿಟ್ಟರು. ಮಸ್ಕ್‌ರ್ಯಾಟ್ ಎಂಬ ಇನ್ನೊಂದು ನೀರಿಲಿಯ ಕಥೆಯೂ ಅಷ್ಟೇ. ಉತ್ತರ ಅಮೆರಿಕದ ಈ ಪ್ರಾಣಿಯನ್ನು 1905ರಲ್ಲಿ ಪ್ರಾಗ್ ನಗರದ ಹತ್ತಿರ ಬಿಟ್ಟರು. ಅಲ್ಲಿಂದ ಅದು ಯುರೋಪಿನ ಬಹುಭಾಗಕ್ಕೆ ಹರಡಿತು.

ಇವು ಕಚ್ಚುತ್ತವೆ ಅಂತ ಜನ ಹೆದರುತ್ತಾರೆ. ನನ್ನನ್ನು ಕೇಳಿದರೆ ಹಲ್ಲಿಗಿಂತ ಹಿಕ್ಕೆಗೆ ಹೆದರಬೇಕು.

ಲಿವರ್ ಫ್ಲೂಕ್ ಎಂಬ ಹುಳು ಕೇಳಿರುತ್ತೀರಿ. ಎಲೆಯಂತೆ ಚಪ್ಪಟೆ, ಎರಡು ಮೂರು ಸೆಂಟಿಮೀಟರ್ ಉದ್ದ. ಕುರಿ, ದನಗಳ ಪಿತ್ತನಾಳದಲ್ಲಿ ಕೂತು ಮೊಟ್ಟೆ ಇಡುತ್ತದೆ. ಸಗಣಿಯ ಜೊತೆ ಮೊಟ್ಟೆ ನೀರಿಗೆ ಬಿದ್ದರೆ ಮರಿ ಹೊರಬಂದು ಒಂದು ಸಣ್ಣ ಬಸವನಹುಳುವನ್ನು ಹುಡುಕಿಕೊಂಡು ಈಜುತ್ತದೆ. ಅದರ ಮೈಯೊಳಗೆ ಹೊಕ್ಕರೆ ಒಂದು ನೂರಾರಾಗುತ್ತದೆ. ಹೊರಬಂದ ಮರಿಗಳು ನೀರಂಚಿನ ಹುಲ್ಲಿಗೆ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕಾಯುತ್ತವೆ. ಹುಲ್ಲು ಮೇಯಲು ಯಾರಾದರೂ ಬರಬೇಕು, ಅಷ್ಟೇ.

ನ್ಯೂಟ್ರಿಯಾ ಮೇಯುವುದೂ ಅದೇ ಹುಲ್ಲು. ಹಿಕ್ಕೆ ಹಾಕುವುದೂ ಅದೇ ನೀರಿಗೆ. ಫ್ರಾನ್ಸ್‌ನ ಕಾಡು ನ್ಯೂಟ್ರಿಯಾಗಳ ಲಿವರ್‌ನಲ್ಲಿ ಈ ಹುಳು ಬೆಳೆದು ಮೊಟ್ಟೆ ಇಡುತ್ತಿರುವುದು ಗೊತ್ತಾಗಿದೆ. ಅಂದರೆ ರೈತ ತನ್ನ ಹಿಂಡಿಗೆಲ್ಲ ಔಷಧಿ ಕುಡಿಸಿದರೂ ಗದ್ದೆಯಂಚಿನಲ್ಲಿ ಹುಳು ಉಳಿದೇ ಇರುತ್ತದೆ. ಆ ಕಾಡುಪ್ರಾಣಿಗೆ ಔಷಧಿ ಕುಡಿಸುವವರು ಯಾರು?

ಹುಳು ಜಾಸ್ತಿಯಾದ ಕುರಿ ಸೊರಗುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋತು ಬೀಳುತ್ತದೆ. ಮನುಷ್ಯರಿಗೆ ಬರುವುದು ಹೆಚ್ಚಾಗಿ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದಾಗ. ಸುಮ್ನೆ ತೊಳೆದರೆ ಆ ಕವಚ ಬಿಡುವುದಿಲ್ಲ, ಬೇಯಿಸಬೇಕು. ಟ್ರೈಕ್ಲಾಬೆಂಡಜೋಲ್ ಎಂಬ ಔಷಧಿ ಇದೆ, ಆದರೆ ಕೆಲವು ಕಡೆ ದನ ಕುರಿಗಳ ಹುಳು ಅದಕ್ಕೂ ಬಗ್ಗುತ್ತಿಲ್ಲ. ಹಾಗಾಗಿ ಜೌಗು ಅಂಚಿಗೆ ಬೇಲಿ ಹಾಕಿ, ದನಗಳಿಗೆ ತೊಟ್ಟಿಯಲ್ಲಿ ನೀರು ಕೊಡುವುದೇ ನನಗೆ ಹೆಚ್ಚು ನಂಬಿಕೆಯ ದಾರಿ.

ನ್ಯೂಟ್ರಿಯಾದ ಕರುಳಿನಲ್ಲಿ ಇನ್ನೊಂದು ಬಗೆಯ ಹುಳುವಿದೆ, ದಾರದೆಳೆಯಂಥದ್ದು. ಅದರ ಮರಿ ನೀರಿನಲ್ಲಿ ನಿಂತವರ ಚರ್ಮ ಕೊರೆದು ಒಳಗೆ ನುಗ್ಗುತ್ತದೆ. ಅಮೆರಿಕದ ಲೂಸಿಯಾನಾ ರಾಜ್ಯದ ಜೌಗಿನಲ್ಲಿ ಬಲೆ ಹಾಕುವವರಿಗೆ ಈ ತುರಿಕೆ ಚೆನ್ನಾಗಿ ಗೊತ್ತು. ಮೊಣಕಾಲುದ್ದದ ಬೂಟು, ಕೈಗವಸು ಇದ್ದರೆ ಬಹುಮಟ್ಟಿಗೆ ಪಾರಾಗಬಹುದು.

ಮಸ್ಕ್‌ರ್ಯಾಟ್‌ನದು ಬೇರೆಯೇ ತಂಟೆ. ಅದರ ಲಿವರ್‌ನಲ್ಲಿ ನರಿಯ ಲಾಡಿಹುಳುವಿನ ಮರಿ ಬೆಳೆಯುತ್ತದೆ. ಆ ಲಿವರ್ ಮುಟ್ಟಿದರೆ ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ. ಅದನ್ನು ನಾಯಿ ತಿಂದರೆ ಮಾತ್ರ ಆಟ ಬದಲಾಗುತ್ತದೆ. ನಾಯಿಯ ಕರುಳಲ್ಲಿ ಹುಳು ದೊಡ್ಡದಾಗಿ, ಮೊಟ್ಟೆ ಮಲದಲ್ಲಿ ಬರುತ್ತದೆ, ನಾಯಿಯ ಕೂದಲಿಗೂ ಅಂಟುತ್ತದೆ. ಕೈಯಿಂದ ಬಾಯಿಗೆ ಹೋದರೆ ನಮ್ಮ ಲಿವರ್‌ನಲ್ಲಿ ಗೆಡ್ಡೆಯ ಹಾಗೆ ಹಬ್ಬುತ್ತದೆ. ಕಾಣಿಸಿಕೊಳ್ಳಲು 5ರಿಂದ 15 ವರ್ಷ ಬೇಕು. ಅಷ್ಟರಲ್ಲಿ ಆ ನಾಯಿಯ ನೆನಪೂ ಇರುವುದಿಲ್ಲ, ಅಲ್ವಾ? ಬೇಟೆಯಾಡಿದ ಪ್ರಾಣಿಯ ಒಳಭಾಗವನ್ನು ನಾಯಿಗೆ ಎಸೆಯಬೇಡಿ ಅನ್ನುವುದು ಇದಕ್ಕೇ.

ಕೊನೆಗೆ ಬೀವರ್, ನೀರಂಚಿನಲ್ಲೇ ಬದುಕುವ ಇನ್ನೊಂದು ದೊಡ್ಡ ಇಲಿ ಸಂಬಂಧಿ. ತೊರೆಯ ನೀರು ಕುಡಿದು ಭೇದಿ ಹಿಡಿದರೆ ಅಮೆರಿಕದಲ್ಲಿ ಅದಕ್ಕೆ ಬೀವರ್ ಜ್ವರ ಅನ್ನುತ್ತಾರೆ. ಕಾರಣ ಜಿಯಾರ್ಡಿಯಾ ಎಂಬ ಒಂಟಿಕೋಶದ ಜೀವಿ. ಬೀವರ್ ಅದನ್ನು ಹರಡುವುದು ನಿಜ. ಆದರೆ ತೊರೆಯ ಪಕ್ಕ ಡೇರೆ ಹಾಕಿ ಮಲ ಬಿಟ್ಟುಹೋಗುವ ಮನುಷ್ಯರೂ ಹರಡುತ್ತಾರೆ. ಹೆಸರು ಮಾತ್ರ ಪಾಪ, ಬೀವರ್ ತಲೆಗೆ ಬಂತು. ಯಾರು ತಂದಿದ್ದರೂ ಸರಿ, ಆ ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ ಕುಡಿಯಿರಿ.

ನಮಸ್ಕಾರ.